ಮಕ್ಕಳ ಮಧುಮೇಹ: ಪಾಲಕರ ಅರಿವೇ ಆಸರೆ
ಒಂದನೇ ವಿಧದ ಮಧುಮೇಹದಲ್ಲಿ ಮೇದೋಜ್ಜೀರಕ ಗ್ರಂಥಿಯು ಇನ್ಸುಲಿನ್ ಉತ್ಪಾದನೆಯನ್ನು ಬಹುತೇಕ ನಿಲ್ಲಿಸುತ್ತದೆ. 1922ರಲ್ಲಿ ಬಳಕೆಗೆ ಬಂದ ಇನ್ಸುಲಿನ್ ಚುಚ್ಚುಮದ್ದೇ ಇಂದಿಗೂ ಇಂಥ ಮಕ್ಕಳ ಜೀವಾಧಾರ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಲ್ಲೂ ನಿತ್ಯದ ಆರೈಕೆಯ ಹೊಣೆ ವೈದ್ಯರಿಗಿಂತ ಮನೆಯವರ ಮೇಲೆಯೇ ಹೆಚ್ಚು.

ಸಕ್ಕರೆ ಬಿಟ್ಟರಷ್ಟೇ ಸಾಲದು. ಜೋಳದ ರೊಟ್ಟಿಯಲ್ಲಿಯೂ ಶರ್ಕರಪಿಷ್ಟವಿದೆ. ಬೇಸಿಗೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಬಳಕೆಯಲ್ಲಿರುವ ಇನ್ಸುಲಿನ್ ಬಾಟಲಿಯನ್ನು ನೀರು ತಾಗದಂತೆ ಮಣ್ಣಿನ ಗಡಿಗೆಯ ತಂಪಿನಲ್ಲಿಡಬಹುದು. ಮಗು ಬೆವರಿ ನಡುಗಿದಾಗ ರಕ್ತದ ಸಕ್ಕರೆ 70 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಜ್ವರ ಬಂದ ಮಗು ಉಣ್ಣಲಿಲ್ಲವೆಂದು ಇನ್ಸುಲಿನ್ ನಿಲ್ಲಿಸುವುದು ಅತ್ಯಂತ ಅಪಾಯಕಾರಿ. ಆಗ ರಕ್ತದಲ್ಲಿ ಕೀಟೋನ್ ಆಮ್ಲಗಳು ಹೆಚ್ಚಿ ಪ್ರಾಣಕ್ಕೇ ಕುತ್ತು ಬರಬಹುದು. ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಬಹುದೇ ಹೊರತು ಪೂರ್ತಿ ಬಿಡಲಾಗದು.