ರ‍್ಯಾಂಗ್ಲರ್ ಅಂದ್ರೆ ಯಾರು?

ಕಳೆದ ತಿಂಗಳು ಧಾರವಾಡದಿಂದ ಅಕ್ಕನ ಫೋನು. "ಸಿಇಟಿ ರ‍್ಯಾಂಕ್ ಛಲೋ ಬಂದದ, ಆದ್ರ ಇಕಿ ಬಿಎಸ್ಸಿ ಗಣಿತ ಅಂತ ಹಟಾ ಹಿಡದಾಳ. ನೀನ ಬುದ್ಧಿ ಹೇಳು." ಪುಣೆಯಲ್ಲಿ ಕೂತು ಸೋದರ ಸೊಸೆಗೆ ಏನು ಬುದ್ಧಿ ಹೇಳಲಿ? ನನಗೂ ಹದಿನೆಂಟನೇ ವಯಸ್ಸಿಗೆ ಗಣಿತವೇ ಬೇಕಿತ್ತು. ರ‍್ಯಾಂಕ್ ಬಂತು, ಎಂಜಿನಿಯರಿಂಗ್ ಸೇರಿದೆ. ಅದಕ್ಕೇ ಇವತ್ತು ಗಣಿತ ಮತ್ತು ರ‍್ಯಾಂಕಿನ ಹಳೇ ಕಥೆ.

ಪುಣೆಯವರಿಗೆ ರ‍್ಯಾಂಗ್ಲರ್ ಪರಾಂಜಪೆ ಗೊತ್ತು, ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಧಾರವಾಡದವರಿಗೆ ರ‍್ಯಾಂಗ್ಲರ್ ಪಾವಟೆ ಗೊತ್ತು. ರ‍್ಯಾಂಗ್ಲರ್ ಅನ್ನೋದು ಅಡ್ಡಹೆಸರಲ್ಲ. ಕೇಂಬ್ರಿಜ್‌ನ ಗಣಿತ ಪದವಿ ಪರೀಕ್ಷೆ 'ಟ್ರೈಪಾಸ್'ನಲ್ಲಿ ಪ್ರಥಮ ದರ್ಜೆ ಪಡೆದವರಿಗೆ ಆ ಬಿರುದು. ಮೊದಲು ಬಂದವನು ಸೀನಿಯರ್ ರ‍್ಯಾಂಗ್ಲರ್. ಆನರ್ಸ್ ಪಟ್ಟಿಯ ಕೊನೆಯವನಿಗೆ ಗೆಳೆಯರು ಮರದ ಚಮಚ ಕೊಟ್ಟು ಕಿಚಾಯಿಸ್ತಿದ್ರು.

ಈ ಪೈಪೋಟಿಗೆ ಅಲ್ಲೂ ಟ್ಯೂಷನ್ನೇ ಗತಿ! ರೌತ್ ಅನ್ನೋ ಮೇಷ್ಟ್ರು 20ಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರ್‌ಗಳನ್ನ ತಯಾರು ಮಾಡಿದ್ರು. 1854ರಲ್ಲಿ ಅವರೇ ಮೊದಲ ಸ್ಥಾನ. ಎರಡನೆಯವನು ಯಾರು ಗೊತ್ತಾ? ವಿದ್ಯುತ್ಕಾಂತೀಯ ಸಮೀಕರಣಗಳ ಮ್ಯಾಕ್ಸ್‌ವೆಲ್. 1890ರಲ್ಲಿ ಫಿಲಿಪಾ ಫಾಸೆಟ್ ಎಂಬ ಹುಡುಗಿ ಸೀನಿಯರ್ ರ‍್ಯಾಂಗ್ಲರ್‌ಗಿಂತ ಹೆಚ್ಚು ಅಂಕ ತೆಗೆದಳು. ಆದರೆ ಹೆಂಗಸರಿಗೆ ಆ ಬಿರುದೂ ಇಲ್ಲ, ಪದವಿಯೂ ಇಲ್ಲ. ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟಿದ್ದು 1948ರಲ್ಲಿ.

1898ರಲ್ಲಿ ನಾಲ್ಕನೇ ಸ್ಥಾನ ಬಂದವರು ಜಿ.ಎಚ್. ಹಾರ್ಡಿ. ಟ್ಯೂಷನ್ನಿನ ಪರೀಕ್ಷಾ ತಂತ್ರಗಳಿಗೆ ಬೇಸತ್ತು, ಗಣಿತ ಬಿಟ್ಟು ಇತಿಹಾಸ ತಗೊಳ್ಳೋ ಯೋಚನೇನೂ ಮಾಡಿದ್ದರಂತೆ. ಪ್ರೊಫೆಸರ್ ಲವ್ ಅವರ ಕೈಗೆ ಫ್ರೆಂಚ್ ಗಣಿತಜ್ಞ ಜೊರ್ದಾನ್‌ನ ಪುಸ್ತಕ ಓದಲು ಹೇಳಿದರು. ಗಣಿತ ಅಂದ್ರೇನು ಅಂತ ತಿಳಿದದ್ದೇ ಆಗ ಅಂತ ಹಾರ್ಡಿ ಬರೆದುಕೊಂಡಿದ್ದಾರೆ. ಈ ಪರೀಕ್ಷಾ ಪದ್ಧತಿಯ ವಿರುದ್ಧ ದನಿಯೆತ್ತಿದವರಲ್ಲಿ ಅವರೂ ಒಬ್ಬರು. 1909ರ ಪಟ್ಟಿಯೇ ಕೊನೆ, ಆಮೇಲೆ ಸ್ಥಾನಗಳನ್ನ ಪ್ರಕಟಿಸೋದು ನಿಂತಿತು. 1913ರಲ್ಲಿ ಮದ್ರಾಸಿನಿಂದ ಹಾರ್ಡಿಗೆ ಪತ್ರ ಬರೆದ ರಾಮಾನುಜನ್, ಇಲ್ಲಿ ಎಫ್.ಎ. ಪರೀಕ್ಷೆಯಲ್ಲೇ ನಪಾಸಾಗಿದ್ದವರು!

1899ರಲ್ಲಿ ಪರಾಂಜಪೆ ಸೀನಿಯರ್ ರ‍್ಯಾಂಗ್ಲರ್ ಆದರು, ಆ ಗೌರವ ಪಡೆದ ಮೊದಲ ಭಾರತೀಯ. ಅದೇ ವರ್ಷ ಗೋಕಾಕ ತಾಲೂಕಿನ ಮಮದಾಪುರದಲ್ಲಿ ಡಿ.ಸಿ. ಪಾವಟೆ ಹುಟ್ಟಿದರು. ಅವರು ಕೇಂಬ್ರಿಜ್‌ಗೆ ಹೋಗುವಷ್ಟರಲ್ಲಿ ಸ್ಥಾನಗಳ ಪಟ್ಟಿ ಇರಲಿಲ್ಲ, ಹಾಗಾಗಿ ಪಾವಟೆಯವರು ಎಷ್ಟನೇ ರ‍್ಯಾಂಗ್ಲರ್ ಅಂತ ಕೇಳೋದೇ ತಪ್ಪು. ಮುಂದೆ ಬನಾರಸಿನಲ್ಲಿ ಗಣಿತ ಕಲಿಸಿದರು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದು ಅದನ್ನು ಬೆಳೆಸಿದರು.

ಸೊಸೆಗೆ ಫೋನ್ ಮಾಡಿದೆ. "ರ‍್ಯಾಂಕ್ ಬರದೇ ಇದ್ದಿದ್ರ ಏನ್ ಓದ್ತಿದ್ದಿ?" ಅಂದೆ. "ಗಣಿತಾನ, ಮಾಮಾ" ಅಂದಳು. ಅಷ್ಟೇ ಅಕ್ಕನಿಗೆ ಹೇಳಿದೆ. ನಾನು ಆ ವಯಸ್ಸಿನಲ್ಲಿ ಈ ಪ್ರಶ್ನೆಯನ್ನ ಕೇಳಿಕೊಂಡಿರಲೇ ಇಲ್ಲ ಅನ್ನೋದನ್ನೂ ಹೇಳಿದೆ. ಅಕ್ಕ ಇನ್ನೂ ಸಿಟ್ಟಿನಲ್ಲಿದ್ದಾಳೆ. ಫೀಸು ಮಾತ್ರ ಬಿಎಸ್ಸಿಗೇ ಕಟ್ಟಿದ್ದಾಳೆ.

ಗಣಿತ ಓದಬೇಕು ಅಂತಿದ್ದು ಬೇರೆ ದಾರಿ ಹಿಡಿದವರು ನಿಮ್ಮಲ್ಲೂ ಇರಬಹುದು. ನಿಮ್ಮ ಕಥೆ ಬರೆಯಿರಿ. ಮತ್ತೆ ಸಿಗೋಣ.