ಮುರಿದ ಸ್ಟಡ್ಡಿನ ಚರಿತ್ರೆ

ಚರಿತ್ರೆಯನ್ನು ಶಾಸನಗಳಲ್ಲಿ, ಕಡತಗಳಲ್ಲಿ ಹುಡುಕುವುದು ನಮಗೆ ರೂಢಿ. ಎಂಜಿನ್ ಬ್ಲಾಕಿನೊಳಗೆ ಮುರಿದು ಕೂತ ಬೆರಳುದ್ದದ ಉಕ್ಕಿನ ತುಂಡಿಗೂ ಒಂದು ಚರಿತ್ರೆ ಇದೆ ಎಂಬುದನ್ನು ನಾನು ಅರಿತದ್ದು ಲಗ್ಗೆರೆಯ ವರ್ಕ್‌ಶಾಪುಗಳಿಂದ. ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಈ ಬಡಾವಣೆಯಲ್ಲಿ ಮೇಲೆ ಮನೆ, ಕೆಳಗೆ ಲೇತ್ ಇರುವ ಕಟ್ಟಡಗಳು ಸಾಮಾನ್ಯ. ಮುರಿದ ಸ್ಟಡ್ ತೆಗೆಸಲು ಅಲ್ಲಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, 'ಯಾವ ಗಾಡೀದು?' ಅದು ಬರೀ ವಿಚಾರಣೆಯಲ್ಲ. ಗಾಡಿ ಯಾವುದೆಂದು ತಿಳಿದರೆ ಅದು ಯಾವ ದೇಶದ ಅಳತೆಯನ್ನು ಹೊತ್ತು ಬಂದಿದೆ ಎಂಬುದೂ ತಿಳಿಯುತ್ತದೆ.

ಸ್ಟಡ್ ಎಂದರೆ ಎರಡೂ ತುದಿಯಲ್ಲಿ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟು. ಒಂದು ತುದಿ ಬ್ಲಾಕಿನೊಳಗೆ ಕಾಯಂ ಆಗಿ ಕೂರುತ್ತದೆ, ಇನ್ನೊಂದಕ್ಕೆ ನಟ್ ಬೀಳುತ್ತದೆ. ಬಿಚ್ಚಿ ಕಟ್ಟುವಾಗ ಸವೆಯುವುದು ಅಗ್ಗದ ನಟ್ಟು, ದುಬಾರಿ ಬ್ಲಾಕಲ್ಲ. ಅದೇ ಇದರ ಜಾಣತನ. ಆದರೆ ವರ್ಷಗಟ್ಟಲೆ ಅಲುಗದೆ ಇದ್ದುದಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಅದು ಥ್ರೆಡ್ಡಿನ ಸಂದುಗಳನ್ನೆಲ್ಲ ತುಂಬಿಕೊಂಡ ಮೇಲೆ ಸ್ಪ್ಯಾನರ್ ಹಾಕಿ ಬಲ ಕೊಟ್ಟರೆ ಥ್ರೆಡ್ ಬಿಡುವುದಿಲ್ಲ, ಸ್ಟಡ್ಡೇ ತುಂಡಾಗುತ್ತದೆ.

ಮುರಿಯಲು ಇನ್ನೊಂದು ಕಾರಣವೂ ಉಂಟು, ಅದು ರಾಸಾಯನಿಕವಲ್ಲ, ಐತಿಹಾಸಿಕ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಒಂದೊಂದು ಕಾರ್ಖಾನೆಯ ತಿರುಪೂ ಒಂದೊಂದು ರೀತಿ. ಜೋಸೆಫ್ ವಿಟ್‌ವರ್ಥ್ ಹಲವು ಕಾರ್ಖಾನೆಗಳ ತಿರುಪುಗಳನ್ನು ಕಲೆಹಾಕಿ ಹೋಲಿಸಿ, 1841ರಲ್ಲಿ 55 ಡಿಗ್ರಿ ಕೋನದ ಒಂದೇ ಥ್ರೆಡ್ಡನ್ನು ಎಲ್ಲರಿಗೂ ಸೂಚಿಸಿದ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್, ಸಾಧಾರಣ ಕೆಲಸಗಾರನೂ ಸುಲಭವಾಗಿ ಕೊರೆಯಬಹುದಾದ 60 ಡಿಗ್ರಿಯ ಥ್ರೆಡ್ ಮುಂದಿಟ್ಟ. ಯುರೋಪಿನ ದೇಶಗಳು 1898ರಲ್ಲಿ ಜ್ಯೂರಿಕ್‌ನಲ್ಲಿ ಸೇರಿ ಮಿಲಿಮೀಟರ್ ಲೆಕ್ಕದ ಥ್ರೆಡ್ ಒಪ್ಪಿಕೊಂಡವು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ನಟ್ಟು ಅಮೆರಿಕದ ಬೋಲ್ಟಿಗೆ ಕೂರದೆ ಪಟ್ಟ ಪಾಡಿನ ಫಲವಾಗಿ, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಒಂದು ಏಕರೂಪದ ಇಂಚು ಥ್ರೆಡ್ಡಿಗೆ ಸಹಿ ಹಾಕಿದವು.

ಈ ಜಗಳದ ಪಕ್ಷಗಳೆಲ್ಲ ನಮ್ಮ ನಾಡಿಗೂ ಬಂದವು. 1940ರಲ್ಲಿ ಶುರುವಾದ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಅಮೆರಿಕನ್ ವಿಮಾನಗಳ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುತ್ತಿದ್ದರು. 1953ರಲ್ಲಿ ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ಮದರಾಸಿನಿಂದ ಬಂದ ಬುಲೆಟ್ ಬ್ರಿಟಿಷ್ ಥ್ರೆಡ್ ಹೊತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ, ಜೆಕ್ ಮೂಲದ್ದಾದ್ದರಿಂದ, ಮಿಲಿಮೀಟರಿನದು. ಸರ್ಕಾರ 1956ರಲ್ಲೇ ಮೆಟ್ರಿಕ್ ಅಳತೆಯ ಕಾನೂನು ಮಾಡಿತ್ತು. ಆದರೆ ಕಾನೂನು ಬದಲಾದ ಮಾತ್ರಕ್ಕೆ ಓಡುತ್ತಿರುವ ಎಂಜಿನ್‌ಗಳ ಥ್ರೆಡ್ ಬದಲಾಗುವುದಿಲ್ಲ. ಹೀಗಾಗಿ ಬೆಂಗಳೂರಿನ ಮೆಕ್ಯಾನಿಕ್‌ನ ಡಬ್ಬಿಯಲ್ಲಿ ಲಂಡನ್ನು, ವಾಷಿಂಗ್ಟನ್ನು, ಜ್ಯೂರಿಕ್ಕು ಒಟ್ಟಿಗೆ ಬಿದ್ದಿರುತ್ತಿದ್ದವು.

ಇದರಿಂದ ಆಗುವ ಅನಾಹುತವನ್ನು ಲೆಕ್ಕ ಹಾಕಿ ನೋಡಬಹುದು. 5/16 ಇಂಚೆಂದರೆ 7.94 ಮಿ.ಮೀ.; 8 ಮಿ.ಮೀ. ಸ್ಟಡ್ಡಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ 5/16 ವಿಟ್‌ವರ್ಥ್‌ನಲ್ಲಿ ಇಂಚಿಗೆ 18 ಥ್ರೆಡ್, ಅಂದರೆ ಒಂದು ಸುತ್ತಿಗೆ ಸುಮಾರು 1.41 ಮಿ.ಮೀ. ಮುನ್ನಡೆ; 8 ಮಿ.ಮೀ.ನದು 1.25. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಮೊದಲೆರಡು ಸುತ್ತು ಹೋದಂತೆ ಮಾಡಿ ಆಮೇಲೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸದೆ ಒತ್ತಿ ತಿರುಗಿಸಿದವನ ಸಿಟ್ಟನ್ನು, ಹತ್ತು ವರ್ಷದ ನಂತರ ಲಗ್ಗೆರೆಯಲ್ಲಿ ಇನ್ಯಾರೋ ಬಿಡಿಸಬೇಕು.

ಬಿಡಿಸುವುದಕ್ಕೊಂದು ಕ್ರಮವಿದೆ. ತುಂಡು ಮೇಲೆ ಚಾಚಿದ್ದರೆ ಎಣ್ಣೆ ಬಿಟ್ಟು, ಕಾಯಿಸಿ, ಮೆಲ್ಲಗೆ ಬಡಿದು ತಿರುಗಿಸುತ್ತಾರೆ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಅದನ್ನು ಕಾಯಿಸಿದರೆ ರಂಧ್ರ ತಾನೇ ಸಡಿಲವಾಗುತ್ತದೆ. ಬ್ಲಾಕು ಕಬ್ಬಿಣದ್ದಾದರೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಹಿಗ್ಗುತ್ತವೆ. ಆಗ ತುಂಡಿನ ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡುತ್ತಾರೆ: ಸ್ಟಡ್ ಮಾತ್ರ ಕೆಂಪಗೆ ಕಾಯ್ದು, ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಒಳಗೇ ಮುರಿದಿದ್ದರೆ ನಟ್ಟನಡುವೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ಲಿನಿಂದ ಕೊರೆದು, ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ ಇಳಿಸುತ್ತಾರೆ. ನಡು ಕೂದಲೆಳೆಯಷ್ಟು ತಪ್ಪಿದರೂ ಡ್ರಿಲ್ಲು ಬ್ಲಾಕಿನ ಥ್ರೆಡ್ಡನ್ನು ತಿನ್ನುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಎಕ್ಸ್‌ಟ್ರ್ಯಾಕ್ಟರೇ ಒಳಗೆ ಮುರಿಯುವುದು. ಅದು ಗಟ್ಟಿ ಉಕ್ಕು, ಮಾಮೂಲು ಡ್ರಿಲ್ಲು ಅದರ ಮೇಲೆ ಜಾರುತ್ತದೆ. ಆಗ ಪೀಣ್ಯದ ಕಡೆ ಕೈತೋರಿಸುತ್ತಾರೆ: 'ಸ್ಪಾರ್ಕ್ ಹೊಡೆಸ್ಕೊಂಡು ಬನ್ನಿ.' ಈ ಸ್ಪಾರ್ಕಿನ ಕಥೆಯೂ ಯುದ್ಧಕ್ಕೆ ಸೇರಿದ್ದೇ. ಸೋವಿಯತ್ ವಿಜ್ಞಾನಿ ದಂಪತಿಗಳಾದ ಬೋರಿಸ್ ಮತ್ತು ನತಾಲ್ಯ ಲಜರೆಂಕೊ ವಿದ್ಯುತ್ ಸ್ವಿಚ್ಚುಗಳ ಟಂಗ್‌ಸ್ಟನ್ ತುದಿಗಳು ಕಿಡಿಯಿಂದ ಸವೆಯುವುದನ್ನು ತಡೆಯಲು ಹೊರಟಿದ್ದರು. ತಡೆಯಲಾಗಲಿಲ್ಲ. 1943ರ ಹೊತ್ತಿಗೆ ಆ ಸವೆತವನ್ನೇ ಹಿಡಿತಕ್ಕೆ ತಂದು ಲೋಹ ಕಡೆಯುವ ವಿಧಾನವಾಗಿಸಿದರು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಸ್ಟಾರ್ಕ್, ಹಾರ್ಡಿಂಗ್, ಬೀವರ್ ಎಂಬ ಮೂವರು ಅಲ್ಯೂಮಿನಿಯಂ ಭಾಗಗಳಲ್ಲಿ ಮುರಿದ ಡ್ರಿಲ್ಲು, ಟ್ಯಾಪುಗಳನ್ನು ತೆಗೆಯಲೆಂದೇ ಕಿಡಿಯ ಯಂತ್ರ ಮಾಡಿದರು. ಎಣ್ಣೆಯಲ್ಲಿ ಮುಳುಗಿದ ತಾಮ್ರದ ಕಡ್ಡಿ ಉಕ್ಕನ್ನು ಮುಟ್ಟುವುದೇ ಇಲ್ಲ, ನಡುವೆ ಹಾರುವ ಕಿಡಿಗಳು ಕಣಕಣವಾಗಿ ಅದನ್ನು ಕರಗಿಸುತ್ತವೆ. ಇಂದು ಅಚ್ಚುಗಳನ್ನು ಕಡೆಯುವ ದೊಡ್ಡ ತಂತ್ರಜ್ಞಾನದ ಒಂದು ಬೇರು, ಹೀಗೆ ಮುರಿದ ತುಂಡೊಂದನ್ನು ಹೊರತೆಗೆಯುವ ಪರದಾಟದಲ್ಲಿದೆ.

ನನಗೆ ಮುಖ್ಯವೆನಿಸುವುದು ಇದು. ಈ ಕೆಲಸ ಸರಿಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಗಾಡಿ ಓಡುತ್ತದೆ, ಅಷ್ಟೆ. ಕೆಟ್ಟರೆ ಬ್ಲಾಕು ಗುಜರಿಗೆ. ಬಾಡಿಗೆ ಗಾಡಿ ಓಡಿಸುವವನಿಗೆ ಅದು ತಿಂಗಳುಗಟ್ಟಲೆಯ ದುಡಿಮೆ. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಅದರ ಗಾಡಿಗಳು ರಸ್ತೆಯಲ್ಲಿ ಉಳಿದದ್ದು ಇಂಥ ಕೈಗಳಿಂದ. ಥ್ರೆಡ್ಡಿನ ಚರಿತ್ರೆಯಲ್ಲಿ ವಿಟ್‌ವರ್ಥ್‌ನ ಹೆಸರಿದೆ, ಸೆಲ್ಲರ್ಸ್‌ನ ಹೆಸರಿದೆ. ಅವರಿಬ್ಬರ ನಡುವಿನ ಐದು ಡಿಗ್ರಿ ವ್ಯತ್ಯಾಸವನ್ನು ಉಗುರಿನ ತುದಿಯಲ್ಲಿ ಗುರುತಿಸಬಲ್ಲ ಹಳೆಯ ಟರ್ನರ್‌ಗಳು ಈಗ ಒಬ್ಬೊಬ್ಬರೇ ಕೆಲಸ ಬಿಡುತ್ತಿದ್ದಾರೆ. ಅವರ ಥ್ರೆಡ್ ಗೇಜುಗಳು ಗುಜರಿ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತವೆ. ಆ ಉಗುರಿನ ಅರಿವು ಸಿಗುವುದಿಲ್ಲ.