ದೇವರ ಎತ್ತುಗಳಿಗೆ ಮೇವು: ಜಾಲತಾಣದ ಮೂಲಕ ಜೀವದಯೆ

ಆಹಾರ, ಔಷಧ, ಶಾಸ್ತ್ರ, ಅಭಯ ಇವು ಜೈನ ಧರ್ಮ ಹೇಳುವ ಚತುರ್ವಿಧ ದಾನಗಳು. ಹಸಿದ ಮೂಕಪ್ರಾಣಿಗೆ ಮೇವು ಕೊಡುವುದರಲ್ಲಿ ಆಹಾರದಾನ, ಅಭಯದಾನ ಎರಡೂ ಸೇರಿವೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಮ್ಯಾಸಬೇಡ ಸಮುದಾಯದವರು ‘ದೇವರ ಎತ್ತು’ಗಳನ್ನು ಸಾಕುತ್ತಾರೆ. ಇವುಗಳನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಾಯುವವರಿಗೆ ಕಿಲಾರಿ ಎಂದು ಹೆಸರು. ಮಳೆ ಕೈಕೊಟ್ಟರೆ ಶೇಂಗಾ ಹೊಟ್ಟೂ ಸಿಗದೆ ಎತ್ತುಗಳು ಬಡಕಲಾಗುತ್ತವೆ. ಅಂಥ ವರ್ಷಗಳಲ್ಲಿ ಜಾಲತಾಣದ ಕರೆ ನೋಡಿ ಹೊರ ಊರಿನವರೂ ಮೇವಿಗೆ ನೆರವಾಗಿದ್ದಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವೂ ಪ್ರಾಣಿದಯೆಯನ್ನೇ ಬೋಧಿಸುತ್ತದೆ.

ಕರೆ ಕೊಡುವವರು ಗಮನಿಸಬೇಕಾದುದು

- ಊರು, ಎತ್ತುಗಳ ಸಂಖ್ಯೆ, ಬೇಕಾದ ಮೇವಿನ ಲೋಡು, ಇಂದಿನ ದರ ತಿಳಿಸಿ.
- ದಿನಾಂಕ ತಪ್ಪದೆ ಹಾಕಿ. ಇಲ್ಲದಿದ್ದರೆ ಹಳೆಯ ಸಂದೇಶ ವರ್ಷಗಟ್ಟಲೆ ವಾಟ್ಸಾಪ್‌ನಲ್ಲಿ ಸುತ್ತುತ್ತದೆ.
- ಹಣ ಟ್ರಸ್ಟಿನ ಖಾತೆಗೇ ಬರಲಿ, ವ್ಯಕ್ತಿಯ ಖಾತೆಗೆ ಬೇಡ.
- ಲೋಡು ಇಳಿದ ದಿನವೇ ತೂಕದ ಚೀಟಿ, ಬಿಲ್ಲು, ಫೋಟೋ ಅದೇ ಗುಂಪಿಗೆ ಹಾಕಿ.
- ಗುರಿ ಮುಟ್ಟಿದ ಕೂಡಲೇ ‘ಸಾಕು’ ಎಂದು ತಿಳಿಸಿ.

ದಾನಿಗಳಿಗೆ

ಸಂದೇಶದಲ್ಲಿರುವ ಕ್ಯೂಆರ್ ಕೋಡ್‌ಗೆ ಹಣ ಹಾಕುವ ಮೊದಲು ಸ್ಥಳೀಯ ಸಮಾಜದವರಿಗೆ ಒಂದು ಫೋನ್ ಮಾಡಿ ವಿಚಾರಿಸಿ. ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ನೋಂದಾಯಿತ ಸಂಸ್ಥೆಗೆ ಕೊಟ್ಟ ಹಣಕ್ಕೆ ಮಾತ್ರ. ₹2,000 ಮೀರಿದ ನಗದಿಗೆ, ವಸ್ತುರೂಪದ ಮೇವಿಗೆ ಅದು ಸಿಗದು.

ಒಮ್ಮೆ ಲೆಕ್ಕ ತಪ್ಪಿದರೆ ಮುಂದಿನ ಬರಗಾಲದಲ್ಲಿ ಯಾರೂ ಕೊಡರು. ಆಗ ಉಪವಾಸ ಬೀಳುವುದು ಎತ್ತುಗಳೇ.